ಅಯಸ್ಕಾಂತ ಅಂಟದ ಜಾಗ

ಅಯಸ್ಕಾಂತ ಮತ್ತೆ ಕೆಳಗೆ ಬಿತ್ತು.

"ನೋಡ್ಕೊಳ್ಳಿ," ಎಂದ ಡ್ವೇನ್ ಪ್ರೂಯಿಟ್, ಬಗ್ಗಿ ಅದನ್ನು ಎತ್ತಿಕೊಳ್ಳುತ್ತಾ. "ಬಾಗಿಲಿಗೆ ಅಂಟುತ್ತೆ. ಬಾನೆಟ್ಟಿಗೆ ಅಂಟುತ್ತೆ. ಇಲ್ಲಿ ಮಾತ್ರ ಅಂಟಲ್ಲ. ಯಾಕೆ ಹೇಳಿ? ಇಲ್ಲಿ ತಗಡೇ ಇಲ್ಲ, ಮೆತ್ತಿರೋದು ಬರೀ ಪುಟ್ಟಿ!"

ಶನಿವಾರ ಬೆಳಿಗ್ಗೆ. ಆರ್ಲೋ ವೆಬ್‌ನ ಗ್ಯಾರೇಜಿನ ಮುಂದೆ ಹಳೇ ಕಾರುಗಳ ಕ್ಲಬ್ಬಿನ ಒಂಬತ್ತು ಮಂದಿ ಕಾಗದದ ಲೋಟದಲ್ಲಿ ಕಾಫಿ ಹಿಡಿದು ನಿಂತಿದ್ದರು. ನಡುವೆ ಡ್ವೇನ್‌ನ ಕೆಂಪು ಕಾರು, ಅರವತ್ತೊಂಬತ್ತರ ಮಾಡೆಲ್ಲು. ಅದರ ಎಂಟು ಸಿಲಿಂಡರಿನ ಎಂಜಿನ್ನು ಗುಡುಗಿದರೆ ಪಕ್ಕದ ಬೀದಿಯ ಕಿಟಕಿಗಳೂ ಅದುರುತ್ತಿದ್ದವು. ಈಗ ಹಿಂದಿನ ಎಡ ಮಡ್‌ಗಾರ್ಡಿನ ಮೇಲೆ ಅಂಗೈಯಗಲ ಬಣ್ಣ ಉಬ್ಬಿ ಬಿರುಕು ಬಿಟ್ಟಿತ್ತು. ಆರ್ಲೋ ಎರಡು ವರ್ಷ ಇಟ್ಟುಕೊಂಡು ಹೊಸದರಂತೆ ಮಾಡಿಕೊಟ್ಟ ಕಾರು, ಒಂದೇ ಚಳಿಗಾಲಕ್ಕೆ ಈ ಗತಿ.

ಡ್ವೇನ್‌ನ ಆರೋಪ ಸರಳವಾಗಿತ್ತು. ತೀರಿಕೊಂಡ ತಂದೆ ಕ್ಲೆಮ್ ಬಿಟ್ಟುಹೋದ ಕಾರಿದು. ಹಿಮ ಕರಗಲೆಂದು ರಸ್ತೆಗೆಲ್ಲ ತಗಡು ತಿನ್ನುವ ಉಪ್ಪು ಸುರಿಯುವ ಓಹಾಯೋದ ಚಳಿಗಾಲದಲ್ಲಿ ಅದು ಒಂದು ದಿನವೂ ಹೊರಗೆ ಬಂದಿಲ್ಲ, ಕಾರ್ಖಾನೆಯ ಮೂಲ ತಗಡು ಒಂದಿಂಚೂ ಬದಲಾಗಿಲ್ಲ ಎಂದು ಕ್ಲೆಮ್ ಬದುಕಿಡೀ ಹೇಳಿದ್ದ. ಅಂಥ ತಗಡಿಗೆ ಈಗ ಬಂಗಾರದ ಬೆಲೆ. ಆರ್ಲೋ ಅದನ್ನು ಕತ್ತರಿಸಿ ಮಾರಿಕೊಂಡು, ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದಾನೆ. ಇವತ್ತು ಇದು ರುಜುವಾತಾದರೆ ಕ್ಲಬ್ಬಿನ ನಂಬಿಕಸ್ಥ ಮೆಕ್ಯಾನಿಕ್‌ಗಳ ಪಟ್ಟಿಯಿಂದ ಆರ್ಲೋನ ಹೆಸರು ಹೋಗುತ್ತದೆ. ಆಮೇಲೆ ಅವನ ಬಾಗಿಲಿಗೆ ಒಂದು ಕಾರೂ ಬರುವುದಿಲ್ಲ. ಎಪ್ಪತ್ತೆರಡರ ಆ ಮುದುಕನಿಗೆ ಬೇರೆ ಕೆಲಸವೂ ಬರುವುದಿಲ್ಲ.

"ಏನಯ್ಯಾ, ಬಾಯಿ ಬಿಡು. ಕಾರು ತಂದು ಬಿಟ್ಟ ದಿನ ನಾನೇನಂದೆ?"

"ಒಂದು ತಗಡೂ ಬದಲಾಯಿಸ್ಬೇಡ, ಬಣ್ಣ ಹೊಡಿ ಸಾಕು ಅಂದೆ," ಎಂದ ಆರ್ಲೋ. "ಬದಲಾಯಿಸ್ಲಿಲ್ಲ. ನಿಮ್ಮಪ್ಪ ಬಿಟ್ಟುಹೋದ ಹಾಗೇ ಇದೆ."

ಡ್ವೇನ್ ಪಕ್ಕಕ್ಕೆ ತಿರುಗಿ ಉಗಿದ. ಆರ್ಲೋನ ಎಣ್ಣೆಯಲ್ಲಿ ಅದ್ದಿ ತೆಗೆದಂಥ ಅಂಗಿ, ಕಡ್ಡಿ ಮುರಿದ ಕಡೆ ಟೇಪು ಸುತ್ತಿದ ಕನ್ನಡಕ, ಪಾಚಿ ಹಿಡಿದ ಶೆಡ್ಡು. ಇಂಥ ದರಿದ್ರದವನನ್ನು ನಂಬಿದೆನಲ್ಲ ಎಂದು ಅವನಿಗೆ ಮೈಯೆಲ್ಲ ಹೇಸಿಗೆಯಾಯಿತು.

"ಈ ಮ್ಯಾಗ್ನೆಟ್ ಯಾರದ್ದು ಗೊತ್ತಾ ನಿನಗೆ?"

ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಕ್ಲೆಮ್ ಪ್ರೂಯಿಟ್ ಮೂವತ್ತು ವರ್ಷ ಕ್ಲಬ್ಬಿನ ತೀರ್ಪುಗಾರನಾಗಿದ್ದವನು. ಪ್ರದರ್ಶನದ ದಿನ ಜೇಬಿನಿಂದ ಇದನ್ನು ತೆಗೆದು, ಸಾಲಾಗಿ ನಿಂತ ಕಾರುಗಳಿಗೆ ಮುಟ್ಟಿಸುತ್ತಾ ಹೋಗುತ್ತಿದ್ದ. ಎಲ್ಲಿ ಜಾರಿತೋ ಆ ಕಾರಿನವನ ಮಾನ ಅಲ್ಲಿಗೆ ಮುಗಿಯಿತು. ಈಗಿನ ಅಧ್ಯಕ್ಷೆ ನೋರೀನ್‌ಳ ಗಂಡ ಹಾಗೆ ಎಲ್ಲರೆದುರು ತಲೆ ತಗ್ಗಿಸಿ, ಮರುದಿನವೇ ಕಾರು ಮಾರಿದ್ದ. ಕ್ಲೆಮ್‌ನ ಸ್ವಂತ ಕಾರಿಗೆ ಅಯಸ್ಕಾಂತ ಹಿಡಿಯುವ ಮಾತು ಮಾತ್ರ ಯಾರ ಬಾಯಲ್ಲೂ ಬಂದಿರಲಿಲ್ಲ.

"ನಮ್ಮಪ್ಪ ಎಂಥವ್ರು ಅಂತ ಈ ಕಳ್ಳನಿಗೇನು ಗೊತ್ತು!" ಡ್ವೇನ್‌ನ ದನಿ ಏರಿತು. "ಮೂರನೇ ಕ್ಲಾಸಲ್ಲಿ ನಾನು ಊಟದ ಡಬ್ಬಿ ಕಳ್ಕೊಂಡೆ. ತಗಡಿನದು, ನೀಲಿ ಬಣ್ಣ, ಮೇಲೆ ರಾಕೆಟ್ಟು. ಬೆಲ್ಟ್ ಬಿಚ್ಚಿ ಬಾರಿಸಿದ್ರು. ತನ್ನ ಸಾಮಾನು ಜೋಪಾನ ಮಾಡದೋನು ಮನುಷ್ಯನೇ ಅಲ್ಲ ಅಂದ್ರು. ವರ್ಷಪೂರ್ತಿ ಕಾಗದದ ಚೀಲದಲ್ಲಿ ಬ್ರೆಡ್ ತಗೊಂಡು ಹೋದೆ. ಅದೇ ಬೇಸಿಗೇಲಿ ಈ ಕಾರಿಗೆ ಮೊದಲನೇ ಕಪ್ ಬಂತು. ಶಿಸ್ತು ಅಂದ್ರೆ ಅದು!"

ಆರ್ಲೋ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಒರೆಸಿದಷ್ಟೂ ಎಣ್ಣೆ ಮೆತ್ತಿಕೊಂಡಿತು.

ಡ್ವೇನ್ ಉಳಿ ಎತ್ತಿಕೊಂಡ.

"ಕೆರೀಬೇಡ ಕಣೋ ಡ್ವೇನ್," ಎಂದ ಆರ್ಲೋ. "ಪುಕ್ಕಟೆ ಬಣ್ಣ ಹೊಡ್ದು ಕೊಡ್ತೀನಿ. ಬೇಕಾದ್ರೆ ಪಟ್ಟಿಯಿಂದ ನನ್ನ ಹೆಸರು ಹೊಡ್ದಾಕ್ಲಿ, ನಾನೇನೂ ಅನ್ನಲ್ಲ. ಅದನ್ನ ಮಾತ್ರ ಕೆರೀಬೇಡ."

"ಅಂದ್ರೆ ಒಳಗೇನಿದೆ ಅಂತ ಗೊತ್ತು ನಿನಗೆ."

"ಗೊತ್ತು. ಕೆರ್ದು ನೋಡಿದೋನೂ ನಾನೇ, ಮುಚ್ಚಿದೋನೂ ನಾನೇ."

"ಕೇಳಿದ್ರಾ ನೋರೀನ್? ಒಪ್ಕೊಂಡ!"

"ಕೇಳಿಸ್ತು," ಎಂದಳು ನೋರೀನ್. ಅವಳ ಕಾಫಿ ಆರಿಹೋಗಿತ್ತು. "ಆದ್ರೂ ಕೆರಿ. ನಿಮ್ಮಪ್ಪ ಎಲ್ಲರ ಮುಂದೆ ತಾನೇ ಮಾಡ್ತಿದ್ದಿದ್ದು? ನೀನೂ ಎಲ್ಲರ ಮುಂದೆ ಮಾಡು."

ಉಳಿಯ ಮೊದಲ ಏಟಿಗೇ ಬಣ್ಣ ಹಾರಿತು. ಅದರಡಿ ಬೂದು ಪುಟ್ಟಿಯ ತೆಳು ಪದರ. ಅದರಡಿ ಇನ್ನೊಂದು, ಹಳದಿಗಟ್ಟಿ ಕಲ್ಲಾಗಿದ್ದ ಪುಟ್ಟಿ, ಎರಡು ಬೆರಳು ದಪ್ಪ. ಡ್ವೇನ್ ನಕ್ಕ. "ಎರಡೆರಡು ಸಲ ಮೆತ್ತಿದ್ದಾನೆ ನೋಡಿ, ಭಂಡ!" ಹಳದಿ ಪುಟ್ಟಿ ಗಾರೆಯಂತೆ ತುಂಡು ತುಂಡಾಗಿ ಉದುರಿತು. ಒಳಗೆ ತೂತು ಕಂಡಿತು. ಕತ್ತರಿಸಿದ ನೇರ ಅಂಚಲ್ಲ. ತುಕ್ಕು ತಿಂದು ಹಲ್ಲು ಹಲ್ಲಾದ ಅಂಚು. ಅದನ್ನು ನೋಡಿ ಒಂದು ಕ್ಷಣ ನಿಲ್ಲಬಹುದಿತ್ತು. ಡ್ವೇನ್ ಆ ಜಾತಿಯವನಲ್ಲ. ತೂತಿನ ಹಿಂದೆ ನಾಲ್ಕು ರಿವೆಟ್ಟು ಹೊಡೆದು ಕೂರಿಸಿದ್ದ ತೆಳು ತಗಡಿನ ತೇಪೆಯೊಂದಿತ್ತು.

"ಇದನ್ನ ಯಾವ ತಿಪ್ಪೆಯಿಂದ ಹೆಕ್ಕಿ ತಂದೆಯೋ, ಭಿಕಾರಿ!"

ಇಕ್ಕಳ ಹಾಕಿ ಅದನ್ನು ಕಿತ್ತ. ಗೆದ್ದವನ ಹಾಗೆ ತಲೆಯ ಮೇಲೆತ್ತಿ, ಒಳಮೈಯನ್ನು ಎಲ್ಲರ ಕಡೆ ತಿರುಗಿಸಿ ಹಿಡಿದ.

ಯಾರೂ ನಗಲಿಲ್ಲ. ನೋರೀನ್ ಬಾಯಿಗೆ ಕೈ ಅಡ್ಡ ಹಿಡಿದಳು. ಆರ್ಲೋ ಮಾತ್ರ ಡ್ವೇನ್‌ನ ಮುಖವನ್ನೇ ನೋಡುತ್ತಿದ್ದ, ಮಗುವೊಂದು ಬೀಳುವುದನ್ನು ದೂರದಿಂದ ನೋಡುವವನ ಹಾಗೆ.

ಡ್ವೇನ್ ತಗಡನ್ನು ಕೆಳಗಿಳಿಸಿ ತನ್ನ ಕಡೆ ತಿರುಗಿಸಿಕೊಂಡ.

ಮಾಸಿದ ನೀಲಿಯ ಮೇಲೆ ಅರ್ಧ ರಾಕೆಟ್ಟು, ಅದರಡಿ ಮೊಳೆಯಲ್ಲಿ ಗೀರಿದ ಸೊಟ್ಟ ಅಕ್ಷರಗಳು: ಡ್ವೇನ್ ಪ್ರೂಯಿಟ್, ಮೂರನೇ ಕ್ಲಾಸು.