ಆಯಿಯ ಕೌದಿಯ ಕೆಂಪು ಚೂರು

ಇಂದು ಟ್ರಂಕು ತೆರೆದಾಗ ಡಾಂಬರುಗುಳಿಗೆಯ ವಾಸನೆಯೊಂದಿಗೆ ಆಯಿಯ ಕೌದಿ ಕೈಗೆ ಬಂತು.

ಅದನ್ನು ಹೊಲಿದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಆಗ ಬಟ್ಟೆಗೂ ರೇಷನ್ನು. ನೂಲ ಎಂಬ ಊರಿನ ನಮ್ಮ ಮನೆಯಲ್ಲಿ ನನ್ನ ಅಜ್ಜಿ, ನಾವೆಲ್ಲ ಆಯಿ ಎನ್ನುತ್ತಿದ್ದವಳು, ಹೆರಿಗೆಗೆ ಬರಲಿದ್ದ ಅತ್ತೆಗಾಗಿ ಹಳೆಯ ಸೀರೆಗಳ ಚೂರು ಸೇರಿಸಿ ಕೌದಿ ಹೊಲಿಯುತ್ತಿದ್ದಳು.

"ಬ್ಯಾಸರ ಬಂದ್ರ ಸೂಜಿ ಕೆಳಗ ಇಡಬಾರದವ್ವಾ, ಬಣ್ಣ ಬದಲಿ ಮಾಡಬೇಕು" ಎನ್ನುತ್ತಿದ್ದಳು. ಆದರೆ ಉಳಿದ ಚೂರುಗಳೆಲ್ಲ ಮಾಸಿ ಒಂದೇ ಬಣ್ಣವಾಗಿದ್ದವು. ಸೂಜಿ ಕುಂಟತೊಡಗಿತ್ತು.

ಆ ಮಧ್ಯಾಹ್ನ ಅಜ್ಜ ಹೊಲದಿಂದ ಹಸಿದು ಬಂದ. ಒಲೆ ಹೊತ್ತಿರಲಿಲ್ಲ.

"ರೊಟ್ಟಿ ಇಲ್ಲ, ಏನಿಲ್ಲ! ಯಾವಾಗ ನೋಡಿದ್ರೂ ಇದ ಚಿಂದಿ!" ಎಂದು ಒದರಿ ಕುಡಗೋಲಿನಿಂದ ಕೌದಿಯನ್ನು ಸರ್ರನೆ ಸೀಳಿದ. ತಡೆಯಲು ಹೋದ ಆಯಿಯ ಅಂಗೈಯಿಂದ ರಕ್ತ ಸುರಿಯಿತು. ನಾನು ಚೀರಿದೆ.

ಆಯಿ ಎದ್ದು ಅಜ್ಜನ ತಲೆಯ ಕೆಂಪು ರುಮಾಲನ್ನು ಕಿತ್ತು, ಅಂಚನ್ನು ಹಲ್ಲಿನಲ್ಲಿ ಕಚ್ಚಿ ಪರ್ರನೆ ಹರಿದಳು. ಒಂದು ತುಂಡನ್ನು ಸೀಳಿನ ಮೇಲೆ ಹಾಸಿದಳು.

"ಭಾಳ ಛಲೋ ಆತ್ರಿ. ಹೊಸಾ ಬಣ್ಣ ಸಿಗವಲ್ತು ಅಂತ ನನಗೂ ಬ್ಯಾಸರ ಬಂದಿತ್ತು."

ಅಜ್ಜ ಬರಿತಲೆಯಲ್ಲೇ ಹೋಗಿ ಒಲೆ ಊದತೊಡಗಿದ. ಆಯಿಯ ಸೂಜಿ ಓಡುತ್ತಿತ್ತು. ಅಂಗೈಯ ರಕ್ತ ಆ ರುಮಾಲಿನ ತುಂಡಿಗೂ ಹತ್ತುತ್ತಿತ್ತು. ಕೆಂಪಿನಲ್ಲಿ ಕಾಣುತ್ತಿರಲಿಲ್ಲ, ಅಷ್ಟೇ.