ಬಿಡುಗಡೆಯ ಹಿಂದಿನ ದಿನ

ಕಾಲಿನ ಮೂಳೆಯಲ್ಲಿ ಕೀವು ತುಂಬಿದ್ದ ಮಗಳು ಕಸ್ತೂರಿಯನ್ನು ಪಾರವ್ವ ಆಸ್ಪತ್ರೆಗೆ ಸೇರಿಸಿ ತಿಂಗಳುಗಳೇ ಕಳೆದಿದ್ದವು. ಮೊದಮೊದಲು ಅತ್ತಳು, ಹರಕೆ ಹೊತ್ತಳು. ಮಗಳ ಜ್ವರ ಇಳಿದ ಮೇಲೆ ಅವಳಿಗೊಂದು ವಿಚಿತ್ರ ಅನುಭವವಾಗತೊಡಗಿತು. ಇನ್ಯಾರೋ ಬೇಯಿಸಿದ ಬಿಸಿ ಅನ್ನವನ್ನು ಅವಳು ಕುಳಿತು ಉಣ್ಣುತ್ತಿದ್ದಳು. ಮಧ್ಯಾಹ್ನ ಮಂಚದ ಪಕ್ಕ ಚಾಪೆ ಹಾಸಿ ಮಲಗಿದರೆ ಯಾರೂ ಕೂಗಿ ಎಬ್ಬಿಸುತ್ತಿರಲಿಲ್ಲ. ಸುಖವೆನಿಸಿದಾಗಲೆಲ್ಲ ಪಾಪಭೀತಿಯಿಂದ ಕೆನ್ನೆ ಬಡಿದುಕೊಳ್ಳುತ್ತಿದ್ದಳು.

ತುಂಬಿದ ಮನೆಯಿಂದ ಅತ್ತೆ ಆಗಾಗ ನೋಡಲು ಬರುತ್ತಿದ್ದಳು.

"ಕೂಸಿನ್ನ ದೇವರು ನೋಡ್ಕೋತಾನ. ನಮ್ಮನ್ನ ಯಾರು ನೋಡ್ಬೇಕು? ರೊಟ್ಟಿ ಬಡಿಯೋರಿಲ್ದ ನಿನ್ನ ಗಂಡ ಅರ್ಧ ಆಗ್ಯಾನ," ಎನ್ನುತ್ತ, ಮೊಮ್ಮಗಳಿಗೆಂದು ತಂದ ಬಾಳೆಹಣ್ಣನ್ನು ತಾನೇ ಸುಲಿದು ತಿನ್ನುತ್ತಿದ್ದಳು.

ಕೊನೆಗೊಂದು ದಿನ ಡಾಕ್ಟರು ಬಂದು, "ಪೂರ್ತಿ ಗುಣ ಆಗಿದೆ. ನಾಳೆ ಮನೆಗೆ ಕರ್ಕೊಂಡು ಹೋಗಿ," ಎಂದರು.

ಅಂದೂ ಬಂದಿದ್ದ ಅತ್ತೆ ಕೈಮುಗಿದಳು. "ದೇವರು ಕಣ್ಣು ತೆರದ ನೋಡ್ರಿ. ನಾಡಿದ್ದು ಹಬ್ಬಕ್ಕ ಬೀಗರೆಲ್ಲಾ ಊಟಕ್ಕ ಬರಾವ್ರದಾರ."

ಕಸ್ತೂರಿ ಮುಖ ಕಿವುಚಿದಳು. "ನೋವು ಐತ್ರಿ, ಡಾಕ್ಟರ್."

ಡಾಕ್ಟರು ಮೊಣಕಾಲು ಒತ್ತಿದರು, ಪಾದ ತಿರುಗಿಸಿದರು. ಹುಡುಗಿ ಎಲ್ಲದಕ್ಕೂ ಅಲ್ಲವೆಂದು ತಲೆಯಾಡಿಸಿದಳು.

"ಮತ್ತೆ ಎಲ್ಲಿದೆಯಮ್ಮಾ ನೋವು?"

"ಅವ್ವನ ಸೊಂಟದಾಗ್ರಿ. ಇಲ್ಲಿದ್ರ ಇರೂದಿಲ್ಲ, ಮನೀಗೆ ಹೋದ ಕೂಡ್ಲೇ ಬರ್ತೈತ್ರಿ."