ಕಪ್ಪು-ಬಿಳುಪಿನ ಜಾಗ

ತಲೆಯಲ್ಲಿ ಜಾಗ ಸಾಲದವರೆಲ್ಲ ಕಪ್ಪು-ಬಿಳುಪು ಚಿತ್ರ ನೋಡುವ ಭಾಗವನ್ನು ಕೆಲಸಕ್ಕೆ ಬಿಟ್ಟುಕೊಡುತ್ತಾರೆ. ಈಗೆಲ್ಲ ಬಣ್ಣದ್ದೇ ಕಾಲ, ಅದು ಸುಮ್ಮನೆ ಖಾಲಿ ಬಿದ್ದಿರುತ್ತದೆ. ರೈಲ್ವೆ ವಿಚಾರಣೆ ಕೌಂಟರಿನಲ್ಲಿ ಕೂರುವ ನಾನೂ ಅಲ್ಲಿ ವೇಳಾಪಟ್ಟಿ ತುಂಬಿಸಿಕೊಂಡಿದ್ದೆ.

ಭಾನುವಾರ ಸೋದರತ್ತೆ ಅಂಬುಜಮ್ಮ ಬಂದರು. ನಾನು ಕೂಸಾಗಿದ್ದಾಗಲೇ ತೀರಿಕೊಂಡ ಅಪ್ಪನ ಒಂದೇ ಒಂದು ಫೋಟೋ ಅವರ ಬಳಿ ಉಳಿದಿತ್ತು. ಅದನ್ನು ನನ್ನ ಕೈಗಿಟ್ಟರು.

"ನಿನ್ನ ಮೂಗು ಥೇಟ್ ನಮ್ಮಣ್ಣಂದೇ ಕಣೇ. ನೋಡು."

ಕಪ್ಪು-ಬಿಳುಪು ಫೋಟೋ. ಮುಖ ಇರಬೇಕಾದಲ್ಲಿ ನನಗೆ ಕಂಡದ್ದು ಹುಬ್ಬಳ್ಳಿ ಪ್ಯಾಸೆಂಜರ್, ಐದು ಹತ್ತು, ಎರಡನೇ ಪ್ಲಾಟ್‌ಫಾರಂ.

"ಹೂಂ ಅತ್ತೆ, ಕಣ್ಣೂ ಹಂಗೇ ಇದೆ," ಎಂದೆ.

ಅತ್ತೆ ನನ್ನ ಕೈಯತ್ತ ಬಗ್ಗಿ ನೋಡಿದರು.

"ತಲೆಕೆಳಗಾಗಿ ಹಿಡ್ಕೊಂಡಿದ್ದೀಯಲ್ಲೇ," ಎಂದು ಮೆಲ್ಲಗೆ ತಿರುಗಿಸಿಕೊಟ್ಟರು.

ನಾಚಿಕೆಯಿಂದ ತಲೆ ಎತ್ತಲಾಗದೆ ಫೋಟೋವನ್ನೇ ನೋಡುತ್ತಾ ಕೂತೆ. ತಿರುಗಿಸಿದರೂ ರೈಲುಗಳು ನೆಟ್ಟಗೇ ಇದ್ದವು.